ವಿಡಿಯೋ ಫೈಲು ಎಡಿಟರಿನಲ್ಲಿ ತೆರೆಯದಿದ್ದಾಗ: ಹಳೆಯ ಯಕ್ಷಗಾನದ ಡಿವಿಡಿಯಿಂದ ಫೋನಿನ ಕ್ಲಿಪ್ಪಿನವರೆಗೆ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಚೆನ್ನಾಗಿಯೇ ಓಡುವ ವಿಡಿಯೋವನ್ನು ಎಡಿಟರಿಗೆ, ಅಂದರೆ ವಿಡಿಯೋ ಕತ್ತರಿಸಿ ಜೋಡಿಸುವ ತಂತ್ರಾಂಶಕ್ಕೆ, ಹಾಕಿದರೆ ಅದು ‘ಈ ಫೈಲಿಗೆ ಬೆಂಬಲವಿಲ್ಲ’ ಎನ್ನುತ್ತದೆ, ಇಲ್ಲವೇ ಚಿತ್ರ ಬಂದು ಧ್ವನಿ ಬರುವುದಿಲ್ಲ, ಇಲ್ಲವೇ ಧ್ವನಿ ಬಂದು ಪರದೆ ಕಪ್ಪಾಗಿರುತ್ತದೆ. ಕೇಳುವವರಲ್ಲಿ ಬಯಲಾಟ ಚಿತ್ರೀಕರಿಸುವವರಿದ್ದಾರೆ, ಮನೆಯ ಮದುವೆಯ ಹಳೆಯ ಡಿವಿಡಿಯನ್ನು ಉಳಿಸಿಕೊಳ್ಳಲು ಹೊರಟವರಿದ್ದಾರೆ, ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಯನ್ನು ನಾಲ್ಕು ಫೋನುಗಳಲ್ಲಿ ಹಿಡಿದು ಒಂದಾಗಿ ಜೋಡಿಸಬೇಕಾದ ಅಧ್ಯಾಪಕರೂ ಇದ್ದಾರೆ. ಹೆಚ್ಚಿನವರು ಸಿಕ್ಕಿದ ಕನ್ವರ್ಟರಿಗೆ ಇಡೀ ಫೈಲನ್ನು ಕೊಟ್ಟು, ಗುಣಮಟ್ಟ ಕಳೆದುಕೊಂಡ ಮೇಲೆ ಬರೆಯುತ್ತಾರೆ. ಫೈಲಿನ ಯಾವ ಭಾಗವನ್ನು ಎಡಿಟರು ಒಪ್ಪುತ್ತಿಲ್ಲ ಎಂದು ಮೊದಲು ತಿಳಿದುಕೊಂಡು, ಆ ಭಾಗವನ್ನಷ್ಟೇ ಬದಲಾಯಿಸುವುದು ಈ ಲೇಖನದಲ್ಲಿ ಹೇಳುವ ಕ್ರಮ.

ಮೊದಲು ಎರಡು ಪದಗಳು ಸ್ಪಷ್ಟವಾಗಬೇಕು. ‘ಕಂಟೈನರ್’ ಎಂದರೆ ಚಿತ್ರ, ಧ್ವನಿ, ಸಮಯದ ಲೆಕ್ಕ ಎಲ್ಲವನ್ನೂ ಒಟ್ಟಿಗೆ ತುಂಬಿಟ್ಟ ಪೆಟ್ಟಿಗೆ. ಎಂಪಿ4, ಎಂಒವಿ, ಎಂಕೆವಿ, ಎವಿಐ, ಎಂಟಿಎಸ್, ವಿಒಬಿ ಎಂಬ ಬಾಲದ ಅಕ್ಷರಗಳು ಈ ಪೆಟ್ಟಿಗೆಯ ಹೆಸರುಗಳು. ‘ಕೋಡೆಕ್’ ಎಂದರೆ ಆ ಪೆಟ್ಟಿಗೆಯೊಳಗಿನ ಚಿತ್ರವನ್ನೋ ಧ್ವನಿಯನ್ನೋ ಒತ್ತಿ ಚಿಕ್ಕದಾಗಿಸಿದ ಮತ್ತು ತಿರುಗಿ ಬಿಡಿಸುವ ವಿಧಾನ. ಎಚ್.264, ಎಚ್.265 ಅಥವಾ ಎಚ್‌ಇವಿಸಿ, ಎಂಪಿಇಜಿ-2, ಎವಿ1 ಚಿತ್ರದ ಕೋಡೆಕ್‌ಗಳಾದರೆ, ಎಎಸಿ, ಎಸಿ-3, ಪಿಸಿಎಂ ಧ್ವನಿಯವು. ಮೇಳದ ಪೆಟ್ಟಿಗೆಯ ಮೇಲೆ ಮೇಳದ ಹೆಸರನ್ನು ಓದಿದ ಮಾತ್ರಕ್ಕೆ ಒಳಗೆ ಕಿರೀಟವಿದೆಯೋ ಗೆಜ್ಜೆಯಿದೆಯೋ ತಿಳಿಯುವುದಿಲ್ಲವಷ್ಟೇ. ಎಂಪಿ4 ಎಂಬ ಹೆಸರಿನ ಎರಡು ಫೈಲುಗಳಲ್ಲಿ ಒಂದು ತೆರೆದು ಇನ್ನೊಂದು ತೆರೆಯದಿರುವುದಕ್ಕೆ ಇದೇ ಕಾರಣ. ವಿಎಲ್‌ಸಿ ತನ್ನೊಳಗೇ ನೂರಾರು ಕೋಡೆಕ್‌ಗಳನ್ನು ಇಟ್ಟುಕೊಂಡಿರುವುದರಿಂದ ಬಹುತೇಕ ಎಲ್ಲವನ್ನೂ ಓಡಿಸುತ್ತದೆ. ಎಡಿಟರುಗಳಲ್ಲಿ ಹಲವು, ಪರವಾನಗಿ ಶುಲ್ಕದ ಕಾರಣದಿಂದಲೋ ಕೆಲಸದ ವೇಗದ ಕಾರಣದಿಂದಲೋ, ಆಯ್ದ ಕೆಲವನ್ನು ಮಾತ್ರ ಒಪ್ಪಿಕೊಳ್ಳುತ್ತವೆ.

ಬೇಕಾಗುವ ಸಾಮಗ್ರಿ

ನಾಲ್ಕು ಉಚಿತ ತಂತ್ರಾಂಶಗಳು ಸಾಕು. ಫೈಲಿನ ಒಳಗನ್ನು ತೋರಿಸಲು ಮೀಡಿಯಾಇನ್ಫೋ, ಓಡಿಸಿ ನೋಡಲು ವಿಎಲ್‌ಸಿ, ಪರಿವರ್ತನೆಗೆ ಹ್ಯಾಂಡ್‌ಬ್ರೇಕ್ ಮತ್ತು ಶಟರ್ ಎನ್‌ಕೋಡರ್. ನಾಲ್ಕೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಸಿಗುತ್ತವೆ. ಇವುಗಳನ್ನು ಆಯಾ ತಂತ್ರಾಂಶದ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಗಳಿಂದಲ್ಲ. ಇವುಗಳ ಜೊತೆಗೆ ಖಾಲಿ ಜಾಗವಿರುವ ಹಾರ್ಡ್‌ಡಿಸ್ಕ್ ಬೇಕು. ಎಷ್ಟು ಜಾಗ ಎಂಬುದನ್ನು ಐದನೆಯ ಹಂತದಲ್ಲಿ ಹೇಳಿದ್ದೇನೆ.

ಕೇರಳದ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲವಿದೆ. ಕೈಟ್ ಎಂಬ ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯು ಶಾಲೆಗಳಿಗಾಗಿ ಸಿದ್ಧಪಡಿಸಿದ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ ಕೆಡೆನ್‌ಲೈವ್ ಎಂಬ ಎಡಿಟರು ಇರುತ್ತದೆ, ಶಾಲೆಯ ಐಟಿ ಕ್ಲಬ್ಬಾದ ‘ಲಿಟಲ್ ಕೈಟ್ಸ್’ನ ಮಕ್ಕಳಿಗೆ ಅದರ ಪರಿಚಯವೂ ಇರುತ್ತದೆ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎಂಬ ಇನ್ನೊಂದು ಎಡಿಟರು ಎರಡೂ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಆಧಾರದಲ್ಲಿ ಫೈಲನ್ನು ಬಿಡಿಸುವುದರಿಂದ ಎಂಕೆವಿ, ಎಂಟಿಎಸ್, ವಿಒಬಿ ಮುಂತಾದವುಗಳನ್ನು ತಕರಾರಿಲ್ಲದೆ ತೆರೆಯುತ್ತವೆ. ಆದ್ದರಿಂದ, ಕತ್ತರಿಸಿ ಜೋಡಿಸುವಷ್ಟೇ ಕೆಲಸವಿದ್ದರೆ ಫೈಲನ್ನು ಬದಲಾಯಿಸುವುದಕ್ಕಿಂತ ಎಡಿಟರನ್ನು ಬದಲಾಯಿಸುವುದೇ ಸುಲಭ. ಇದನ್ನು ಸೋಲೆಂದು ತಿಳಿಯಬೇಕಾಗಿಲ್ಲ.

ಹಂತ 1: ಮೂಲವನ್ನು ಹಾಗೆಯೇ ನಕಲು ಮಾಡಿಕೊಳ್ಳಿ

ಕಾರ್ಡಿನಿಂದಲೋ ಡಿಸ್ಕಿನಿಂದಲೋ ನೇರವಾಗಿ ಕೆಲಸ ಆರಂಭಿಸಬಾರದು. ಎವಿಸಿಎಚ್‌ಡಿ ಮಾದರಿಯ ಕ್ಯಾಮ್‌ಕಾರ್ಡರಾದರೆ ‘ಸ್ಟ್ರೀಮ್’ ಫೋಲ್ಡರಿನ ಎಂಟಿಎಸ್ ಫೈಲುಗಳನ್ನು ಮಾತ್ರ ಎಳೆದುಕೊಳ್ಳದೆ, ಕಾರ್ಡಿನಲ್ಲಿರುವ ‘ಪ್ರೈವೇಟ್’ ಫೋಲ್ಡರನ್ನು ಪೂರ್ತಿಯಾಗಿ ನಕಲು ಮಾಡಿ. ಇಂಥ ಕ್ಯಾಮೆರಾಗಳು ದೀರ್ಘ ಚಿತ್ರೀಕರಣವನ್ನು 2 ಅಥವಾ 4 ಜಿಬಿಯ ತುಂಡುಗಳಾಗಿ ಒಡೆದು ಬರೆಯುತ್ತವೆ; ಯಾವ ತುಂಡಿನ ಮುಂದೆ ಯಾವ ತುಂಡು ಎಂಬ ಮಾಹಿತಿ ಸುತ್ತಲಿನ ಇತರ ಚಿಕ್ಕ ಫೈಲುಗಳಲ್ಲಿರುತ್ತದೆ. ತುಂಡುಗಳನ್ನು ಬಿಡಿಬಿಡಿಯಾಗಿ ಎಡಿಟರಿಗೆ ತಂದು ಸಾಲಾಗಿ ಇಟ್ಟರೆ ಜೋಡಣೆಯ ಜಾಗದಲ್ಲಿ ಧ್ವನಿ ಕ್ಷಣಮಾತ್ರ ಕಡಿದಂತಾಗುವುದುಂಟು. ಮಾತಿನ ನಡುವೆ ಅದು ಗೊತ್ತಾಗದಿರಬಹುದು, ಆದರೆ ಭಾಗವತರು ಆಲಾಪನೆಯಲ್ಲಿರುವಾಗ ಕಡಿದರೆ ಯಾರಿಗೂ ಗೊತ್ತಾಗುತ್ತದೆ. ನಾನೇ ಒಮ್ಮೆ ಎಂಟಿಎಸ್‌ಗಳನ್ನಷ್ಟೇ ಉಳಿಸಿಕೊಂಡು ಕಾರ್ಡನ್ನು ಅಳಿಸಿದ್ದೆ. ಒಂದು ರಾತ್ರಿಯ ಆಟದಲ್ಲಿ ಅಂಥ ಏಳು ಜೋಡಣೆಗಳನ್ನು ಕೈಯಿಂದ ಮುಚ್ಚಬೇಕಾಯಿತು.

ಇಲ್ಲಿ ಇನ್ನೂ ಎರಡು ಎಚ್ಚರಿಕೆಗಳಿವೆ. ಹಳೆಯ ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿದ್ದರೆ ಅದರೊಳಗೆ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ಅದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಬಳಸಬೇಕು, ಹಾಗೆ ಮಾಡಿದಾಗ ಅದರಲ್ಲಿರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಎರಡನೆಯದು ಹೆಸರಿನ ವಿಷಯ. ಫೈಲಿಗೋ ಫೋಲ್ಡರಿಗೋ ಕನ್ನಡದಲ್ಲಿ ಅಥವಾ ಮಲಯಾಳದಲ್ಲಿ ಹೆಸರಿಟ್ಟಿದ್ದರೆ ಕೆಲವು ಹಳೆಯ ತಂತ್ರಾಂಶಗಳು ಫೈಲು ಸಿಗುವುದಿಲ್ಲವೆಂದು ಹೇಳಿ ನಿಲ್ಲುತ್ತವೆ. ಕನ್ನಡದಲ್ಲಿ ಹೆಸರಿಡುವುದು ನನಗೂ ಇಷ್ಟವೇ, ಆದರೆ ಕೆಲಸ ಮುಗಿಯುವವರೆಗೆ ಚಿಕ್ಕ ಇಂಗ್ಲಿಷ್ ಅಕ್ಷರಗಳು ಮತ್ತು ಅಂಕಿಗಳು ಸುರಕ್ಷಿತ. ತೊಂದರೆ ಇಷ್ಟೇ ಆಗಿದ್ದ ಪ್ರಕರಣಗಳನ್ನೂ ಕಂಡಿದ್ದೇನೆ, ಆದ್ದರಿಂದ ಮೊದಲು ಇದನ್ನೇ ಪರೀಕ್ಷಿಸಿ.

ಹಂತ 2: ಫೈಲಿನ ಒಳಗೆ ಏನಿದೆ ಎಂದು ಓದಿ

ಮೀಡಿಯಾಇನ್ಫೋ ತೆರೆದು ಫೈಲನ್ನು ಅದರ ಮೇಲೆ ಎಳೆದು ಬಿಡಿ. ‘ವ್ಯೂ’ ಪಟ್ಟಿಯಲ್ಲಿ ‘ಟೆಕ್ಸ್ಟ್’ ಆಯ್ದುಕೊಂಡರೆ ಪೂರ್ತಿ ವಿವರ ಬರುತ್ತದೆ. ಉದ್ದನೆಯ ಆ ಪಟ್ಟಿಯಲ್ಲಿ ನೋಡಬೇಕಾದ ಸಾಲುಗಳು ಆರೇ. ‘ಜನರಲ್’ ಭಾಗದ ಫಾರ್ಮ್ಯಾಟ್ ಕಂಟೈನರನ್ನು ಹೇಳುತ್ತದೆ. ‘ವಿಡಿಯೋ’ ಭಾಗದ ಫಾರ್ಮ್ಯಾಟ್ ಚಿತ್ರದ ಕೋಡೆಕ್ಕನ್ನು, ‘ಬಿಟ್ ಡೆಪ್ತ್’ ಬಣ್ಣದ ಸೂಕ್ಷ್ಮತೆಯನ್ನು, ‘ಫ್ರೇಮ್ ರೇಟ್ ಮೋಡ್’ ಚಿತ್ರಗಳ ವೇಗ ಒಂದೇ ಸಮನಾಗಿದೆಯೇ ಎಂಬುದನ್ನು, ‘ಸ್ಕ್ಯಾನ್ ಟೈಪ್’ ಚಿತ್ರವನ್ನು ಪೂರ್ತಿಯಾಗಿ ಬರೆದಿದೆಯೋ ಗೆರೆ ಬಿಟ್ಟು ಗೆರೆ ಬರೆದಿದೆಯೋ ಎಂಬುದನ್ನು ತಿಳಿಸುತ್ತವೆ. ‘ಆಡಿಯೋ’ ಭಾಗದ ಫಾರ್ಮ್ಯಾಟ್ ಧ್ವನಿಯ ಕೋಡೆಕ್.

ಒಂದು ಸಾಮಾನ್ಯ ಉದಾಹರಣೆ ನೋಡೋಣ. ಐಫೋನಿನಿಂದ ಬಂದ ಫೈಲಿನಲ್ಲಿ ವಿಡಿಯೋ ಫಾರ್ಮ್ಯಾಟ್ ಎಚ್‌ಇವಿಸಿ, ಬಿಟ್ ಡೆಪ್ತ್ 10 ಬಿಟ್ಸ್, ಫ್ರೇಮ್ ರೇಟ್ ಮೋಡ್ ವೇರಿಯಬಲ್, ಆಡಿಯೋ ಎಎಸಿ ಎಂದು ಇದ್ದರೆ, ಧ್ವನಿಯಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ, ಕಂಟೈನರಿನಲ್ಲಿಯೂ ಇಲ್ಲ. ಕೋಡೆಕ್, 10 ಬಿಟ್ ಬಣ್ಣ ಮತ್ತು ಏರಿಳಿಯುವ ವೇಗ, ಈ ಮೂರರಲ್ಲಿ ಒಂದನ್ನು ಎಡಿಟರು ಒಪ್ಪುತ್ತಿಲ್ಲ. ಫೈಲಿನ ಹೆಸರಿನ ಬಾಲವನ್ನು ಎಂಒವಿಯಿಂದ ಎಂಪಿ4ಗೆ ತಿದ್ದುವುದರಿಂದ ಇದರಲ್ಲಿ ಯಾವುದೂ ಬದಲಾಗುವುದಿಲ್ಲ. ಹಾಗೆ ತಿದ್ದಿ ‘ಕನ್ವರ್ಟ್ ಮಾಡಿದ್ದೇನೆ’ ಎಂದು ಬರೆಯುವವರು ಬಹಳ ಮಂದಿ.

ಮೀಡಿಯಾಇನ್ಫೋ ವಿಡಿಯೋ ಭಾಗವನ್ನೇ ತೋರಿಸದೆ ಫೈಲಿನ ಗಾತ್ರ ಮಾತ್ರ ಹೇಳಿದರೆ ಅದು ಫಾರ್ಮ್ಯಾಟಿನ ಪ್ರಶ್ನೆಯಲ್ಲ, ಫೈಲು ಕೆಟ್ಟಿದೆ. ಅಂಥದಕ್ಕೆ ಏಳನೆಯ ಹಂತ ನೋಡಿ.

ಹಂತ 3: ಪೆಟ್ಟಿಗೆ ಮಾತ್ರ ಬದಲಾಯಿಸಿದರೆ ಸಾಕೇ ನೋಡಿ

ಒಳಗಿನ ಚಿತ್ರ ಎಚ್.264, ಧ್ವನಿ ಎಎಸಿ ಆಗಿದ್ದು ಕಂಟೈನರ್ ಮಾತ್ರ ಎಂಕೆವಿ ಅಥವಾ ಎಂಟಿಎಸ್ ಆಗಿದ್ದರೆ ಮರು-ಎನ್‌ಕೋಡ್, ಅಂದರೆ ಬಿಡಿಸಿ ಮತ್ತೆ ಒತ್ತುವ ಕೆಲಸ, ಅಗತ್ಯವೇ ಇಲ್ಲ. ಶಟರ್ ಎನ್‌ಕೋಡರಿನ ‘ರೀವ್ರ್ಯಾಪ್’ ಎಂಬ ಕ್ರಿಯೆಯನ್ನು ಆಯ್ದು, ಹೊರಬರುವ ಫೈಲನ್ನು ಎಂಪಿ4 ಎಂದು ಸೂಚಿಸಿ. ಇದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸುರಿದಂತೆ. ಗುಣಮಟ್ಟ ಒಂದಿಷ್ಟೂ ಕುಂದುವುದಿಲ್ಲ, ಗಂಟೆಯ ವಿಡಿಯೋವೂ ನಕಲು ಮಾಡುವಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ. ಓಬಿಎಸ್ ಬಳಸಿ ನೇರಪ್ರಸಾರ ಮಾಡುವವರಿಗೆ ಪ್ರತ್ಯೇಕ ತಂತ್ರಾಂಶವೂ ಬೇಡ: ಅದರ ‘ಫೈಲ್’ ಪಟ್ಟಿಯಲ್ಲಿಯೇ ‘ರೀಮಕ್ಸ್ ರೆಕಾರ್ಡಿಂಗ್ಸ್’ ಎಂಬ ಆಯ್ಕೆ ಇದೆ.

ಧ್ವನಿ ಮಾತ್ರ ಬರುತ್ತಿಲ್ಲವಾದರೆ ಅದು ಹೆಚ್ಚಾಗಿ ಎಸಿ-3 ಆಗಿರುತ್ತದೆ. ಡಿವಿಡಿಗಳಲ್ಲಿ ಮತ್ತು ಎವಿಸಿಎಚ್‌ಡಿ ಕ್ಯಾಮೆರಾಗಳಲ್ಲಿ ಇದೇ ರೂಢಿ. ಆಗ ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಪಿಸಿಎಂ, ಅಂದರೆ ಒತ್ತದ ಧ್ವನಿಯಾಗಿ, ಡಬ್ಲ್ಯುಎವಿ ಫೈಲಾಗಿ ಬೇರೆ ತೆಗೆದು ಎಡಿಟರಿನಲ್ಲಿ ಚಿತ್ರದ ಕೆಳಗೆ ಕೂರಿಸಿ.

ಹಂತ 4: ವೇಗ ಏರಿಳಿಯುವ ಫೋನ್ ವಿಡಿಯೋಗಳನ್ನು ಸಮಗೊಳಿಸಿ

ಇದು ನಮ್ಮ ಕಡೆಯವರಿಗೆ ಅತಿ ಹೆಚ್ಚು ತಲೆನೋವು ಕೊಡುವ ಹಂತ. ಫೈಲು ತೆರೆಯುತ್ತದೆ, ದೋಷದ ಸೂಚನೆಯೂ ಬರುವುದಿಲ್ಲ, ಹಾಗಾಗಿ ತೊಂದರೆ ಫಾರ್ಮ್ಯಾಟಿನದೆಂದು ಯಾರಿಗೂ ಹೊಳೆಯುವುದಿಲ್ಲ. ಫೋನುಗಳು ಬೆಳಕು ಕಡಿಮೆಯಾದಾಗ ಅಥವಾ ಪ್ರೊಸೆಸರಿಗೆ ಭಾರವಾದಾಗ ಸೆಕೆಂಡಿಗೆ ಹಿಡಿಯುವ ಚಿತ್ರಗಳ ಸಂಖ್ಯೆಯನ್ನು ತಗ್ಗಿಸುತ್ತವೆ. ಇದನ್ನು ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಎಡಿಟರು ಈ ಏರಿಳಿತವನ್ನು ಗಮನಿಸದೆ ಎಲ್ಲ ಚಿತ್ರಗಳನ್ನೂ ಸಮ ಅಂತರದಲ್ಲಿ ಇಟ್ಟರೆ ಧ್ವನಿ ಮತ್ತು ಚಿತ್ರ ನಿಧಾನವಾಗಿ ದೂರವಾಗುತ್ತವೆ. ಸರಾಸರಿ 29.9 ಚಿತ್ರಗಳಿರುವ ಒಂದು ಗಂಟೆಯ ವಿಡಿಯೋವನ್ನು 30 ಎಂದು ತಿಳಿದು ಓಡಿಸಿದರೆ ಕೊನೆಗೆ ಬರುವ ವ್ಯತ್ಯಾಸ 12 ಸೆಕೆಂಡು.

ಮಾತಿನಲ್ಲಿ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದು. ಚೆಂಡೆಯಲ್ಲಿ ಮಾತ್ರ ಅಡಗುವುದಿಲ್ಲ. ಪೀಠಿಕೆಯ ಹೊತ್ತಿಗೆ ಕೋಲು ಬಿದ್ದಲ್ಲಿಯೇ ಪೆಟ್ಟು ಕೇಳುತ್ತಿರುತ್ತದೆ. ಯುದ್ಧದ ಪದ ಬರುವಷ್ಟರಲ್ಲಿ ಕೋಲು ಮೇಲಿರುವಾಗ ಪೆಟ್ಟು ಕೇಳಿಸುತ್ತದೆ, ವೇಷಧಾರಿಯ ಹೆಜ್ಜೆ ನೆಲ ಮುಟ್ಟಿದ ಮೇಲೆ ಗೆಜ್ಜೆ ಸದ್ದು ಬರುತ್ತದೆ. ಇದನ್ನು ನೋಡಿ ಮೈಕಿನವರನ್ನು ದೂರಿದವರೂ ಇದ್ದಾರೆ.

ಪರಿಹಾರಕ್ಕೆ ಹ್ಯಾಂಡ್‌ಬ್ರೇಕ್ ತೆರೆದು ಫೈಲನ್ನು ಕೊಡಿ. ‘ವಿಡಿಯೋ’ ವಿಭಾಗದಲ್ಲಿ ಫ್ರೇಮ್ ರೇಟನ್ನು 30 ಅಥವಾ 25 ಎಂದು ನಿಗದಿಗೊಳಿಸಿ, ಅದರ ಕೆಳಗಿನ ‘ಕಾನ್‌ಸ್ಟಂಟ್ ಫ್ರೇಮ್ ರೇಟ್’ ಆಯ್ಕೆಯನ್ನು ಒತ್ತಿ. ಗುಣಮಟ್ಟದ ಆರ್‌ಎಫ್ ಅಂಕಿಯನ್ನು 18ರ ಆಸುಪಾಸಿಗೆ ಇಡಿ. ಅಂಕಿ ಕಡಿಮೆಯಾದಂತೆ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಎಲ್ಲ ಫೋನುಗಳ ಕ್ಲಿಪ್ಪುಗಳಿಗೂ ಒಂದೇ ಫ್ರೇಮ್ ರೇಟ್ ಇರಲಿ. ಕೆಡೆನ್‌ಲೈವ್ ಬಳಸುವವರಿಗೆ ಇಂಥ ಕ್ಲಿಪ್ಪು ತಂದ ಕೂಡಲೇ ಎಚ್ಚರಿಕೆಯ ಸೂಚನೆ ಬಂದು, ಅಲ್ಲಿಯೇ ಪರಿವರ್ತಿಸುವ ಅವಕಾಶವೂ ಸಿಗುತ್ತದೆ. ಅದನ್ನು ಮುಚ್ಚಿ ಮುಂದೆ ಹೋಗಬೇಡಿ.

ಹ್ಯಾಂಡ್‌ಬ್ರೇಕಿನಲ್ಲಿ ಎಡವುವ ಜಾಗಗಳು ಮೂರು. ಅದರ ಸಿದ್ಧ ಆಯ್ಕೆಯಾದ ‘ಫಾಸ್ಟ್ 1080ಪಿ30’ ಸೆಕೆಂಡಿಗೆ 50 ಚಿತ್ರಗಳ ವಿಡಿಯೋವನ್ನೂ 30ಕ್ಕೆ ಇಳಿಸುತ್ತದೆ, ಆಗ ದಿಗಿಣ ಹೊಡೆಯುವ ದೃಶ್ಯಗಳು ತಡವರಿಸಿದಂತೆ ಕಾಣುತ್ತವೆ. ಎರಡನೆಯದು, ‘ಡೈಮೆನ್ಷನ್ಸ್’ ವಿಭಾಗದ ತಾನಾಗಿಯೇ ಅಂಚು ಕತ್ತರಿಸುವ ಏರ್ಪಾಡು. ಇದು ವಿಡಿಯೋದ ಅಲ್ಲಲ್ಲಿಂದ ಕೆಲವು ಚಿತ್ರಗಳನ್ನು ತೆಗೆದು ನೋಡಿ, ಕಪ್ಪಾಗಿರುವ ಅಂಚನ್ನು ಬೇಡದ ಪಟ್ಟಿಯೆಂದು ಭಾವಿಸಿ ಕತ್ತರಿಸುತ್ತದೆ. ಗದ್ದೆಯ ನಡುವಿನ ರಂಗಸ್ಥಳದಲ್ಲಿ ದೀಪದ ಆಚೆಗೆಲ್ಲ ಕತ್ತಲೆಯೇ ಇರುವುದರಿಂದ ಅದು ಮೋಸಹೋಗಿ, ಬದಿಯಲ್ಲಿ ನಿಂತ ವೇಷದ ಭುಜಕೀರ್ತಿಯನ್ನೂ ಸೇರಿಸಿ ಕತ್ತರಿಸಬಹುದು. ಕ್ರಾಪಿಂಗನ್ನು ‘ನನ್’ ಎಂದು ಇಡುವುದು ಕ್ಷೇಮ. ಮೂರನೆಯದು, ಒಂದಕ್ಕಿಂತ ಹೆಚ್ಚು ಧ್ವನಿ ಟ್ರ್ಯಾಕ್ ಇರುವ ಫೈಲಿನಲ್ಲಿ ಮೊದಲನೆಯದೊಂದೇ ಹೋಗುತ್ತದೆ. ‘ಆಡಿಯೋ’ ವಿಭಾಗ ತೆರೆದು ಉಳಿದದ್ದನ್ನು ಸೇರಿಸಬೇಕು.

ಹಂತ 5: ಕೋಡೆಕ್ಕೇ ಸಮಸ್ಯೆಯಾದರೆ ಮಧ್ಯಂತರ ರೂಪಕ್ಕೆ ತನ್ನಿ

ವಿಂಡೋಸ್‌ನಲ್ಲಿ ಎಚ್‌ಇವಿಸಿ ತೆರೆಯದಿದ್ದರೆ ಮೊದಲು ಮೈಕ್ರೋಸಾಫ್ಟ್ ಸ್ಟೋರಿನಿಂದ ‘ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಷನ್ಸ್’ ಹಾಕಿಕೊಂಡು ನೋಡಿ. ವಿಂಡೋಸ್‌ನ ಕೋಡೆಕ್ಕನ್ನೇ ಅವಲಂಬಿಸುವ ಎಡಿಟರುಗಳಿಗೆ ಅಷ್ಟೇ ಸಾಕಾಗಬಹುದು. ಅಲ್ಲಿ ಇಲ್ಲಿ ಸಿಗುವ ‘ಕೋಡೆಕ್ ಪ್ಯಾಕ್’ಗಳನ್ನು ಮಾತ್ರ ಹಾಕಬೇಡಿ. ಅವು ಒಂದು ಫೈಲನ್ನು ತೆರೆಸಿ ಹತ್ತು ಫೈಲುಗಳ ದಾರಿ ತಪ್ಪಿಸುತ್ತವೆ, ಮತ್ತೆ ಬಿಡಿಸಿಕೊಳ್ಳುವುದು ಕಷ್ಟ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟರಿನ ಉಚಿತ ಆವೃತ್ತಿಯನ್ನು ಲಿನಕ್ಸ್‌ನಲ್ಲಿ ಹಾಕಿಕೊಂಡವರ ಪ್ರಶ್ನೆ ಬೇರೆ. ಅಲ್ಲಿ ಸಾಮಾನ್ಯ ಎಚ್.264 ಎಂಪಿ4 ಕೂಡ ಚಿತ್ರ ತೋರಿಸುವುದಿಲ್ಲ. ಇದು ನಿಮ್ಮ ತಪ್ಪಲ್ಲ, ಕಂಪ್ಯೂಟರಿನ ದೋಷವೂ ಅಲ್ಲ. ಆ ಕೋಡೆಕ್ ಹಣ ಕೊಟ್ಟು ಪಡೆಯುವ ಸ್ಟುಡಿಯೋ ಆವೃತ್ತಿಗೆ ಮೀಸಲು.

ಇಂಥಲ್ಲೆಲ್ಲ ಮಧ್ಯಂತರ ಕೋಡೆಕ್ ಬಳಸಬೇಕು. ಪ್ರೋರೆಸ್ ಮತ್ತು ಡಿಎನ್‌ಎಕ್ಸ್‌ಎಚ್‌ಆರ್ ಈ ಕೆಲಸಕ್ಕೆಂದೇ ಇರುವವು. ಎಚ್.264ರಂಥವು ಹಿಂದುಮುಂದಿನ ಚಿತ್ರಗಳಿಗಿಂತ ಬದಲಾದ ಭಾಗವನ್ನು ಮಾತ್ರ ಬರೆಯುತ್ತವೆಯಾದರೆ, ಇವು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆಯುತ್ತವೆ. ಆದ್ದರಿಂದ ಎಡಿಟರಿಗೆ ಹಗುರ, ಡಿಸ್ಕಿಗೆ ಭಾರ. 1080 ಗಾತ್ರದ, ಸೆಕೆಂಡಿಗೆ 25 ಚಿತ್ರಗಳ ಪ್ರೋರೆಸ್ 422 ಗಂಟೆಗೆ ಸುಮಾರು 55 ಜಿಬಿ ತಿನ್ನುತ್ತದೆ. ಅದರ ‘ಎಲ್‌ಟಿ’ ರೂಪಕ್ಕೆ ಸುಮಾರು 38 ಜಿಬಿ. ಕಾಲಮಿತಿಯ ಮೂರೂವರೆ ಗಂಟೆಯ ಆಟವೊಂದಕ್ಕೆ ‘ಎಲ್‌ಟಿ’ಯಲ್ಲಿಯೇ 130 ಜಿಬಿ ದಾಟುತ್ತದೆಂದು ಲೆಕ್ಕ ಹಾಕಿಕೊಂಡೇ ಕೆಲಸಕ್ಕಿಳಿಯಿರಿ. ಫೋನಿನ ವಿಡಿಯೋಗೆ ‘ಎಲ್‌ಟಿ’ ಧಾರಾಳ ಎಂಬುದು ನನ್ನ ಅಭಿಪ್ರಾಯ. ಮೂಲದಲ್ಲಿಲ್ಲದ ವಿವರವನ್ನು ದೊಡ್ಡ ಫೈಲು ಹುಟ್ಟಿಸುವುದಿಲ್ಲ. ಶಟರ್ ಎನ್‌ಕೋಡರಿನಲ್ಲಿ ‘ಆಪಲ್ ಪ್ರೋರೆಸ್’ ಅಥವಾ ‘ಡಿಎನ್‌ಎಕ್ಸ್‌ಎಚ್‌ಆರ್’ ಆಯ್ದು, ಧ್ವನಿಯನ್ನು ಪಿಸಿಎಂ ಆಗಿಸಿ, ಎಂಒವಿ ಕಂಟೈನರಿನಲ್ಲಿ ಹೊರತೆಗೆಯಿರಿ. ಮೊದಲು ಒಂದೇ ನಿಮಿಷದ ತುಂಡನ್ನು ಪರಿವರ್ತಿಸಿ ಎಡಿಟರಿನಲ್ಲಿ ತೆರೆದು ನೋಡಿ, ಆ ಮೇಲೆ ಉಳಿದದ್ದು.

ಫೈಲು ತೆರೆಯುತ್ತದೆ ಆದರೆ ತಡವರಿಸುತ್ತದೆ ಎನ್ನುವವರಿಗೆ ಪರಿವರ್ತನೆ ಬೇಡ. ಎಡಿಟರಿನ ‘ಪ್ರಾಕ್ಸಿ’ ಸೌಲಭ್ಯ, ಅಂದರೆ ಕೆಲಸದ ಹೊತ್ತಿಗೆ ಮಾತ್ರ ಬಳಸುವ ಚಿಕ್ಕ ನಕಲು, ಸಾಕು.

ಐಫೋನ್ ಇರುವವರು ಮುಂದಿನ ಚಿತ್ರೀಕರಣಕ್ಕೆ ಈ ಗೊಂದಲವನ್ನೇ ತಪ್ಪಿಸಬಹುದು: ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದುಕೊಂಡರೆ ಎಚ್.264ರಲ್ಲಿ ಬರೆಯುತ್ತದೆ. 1080, 30 ಚಿತ್ರಗಳ ಲೆಕ್ಕದಲ್ಲಿ ನಿಮಿಷಕ್ಕೆ 60 ಎಂಬಿ ಇದ್ದದ್ದು 130 ಎಂಬಿ ಆಗುತ್ತದೆ, ಫೋನಿನಲ್ಲಿ ಅಷ್ಟು ಜಾಗವಿರಬೇಕು. ಎಚ್‌ಡಿಆರ್ ವಿಡಿಯೋ ಆಯ್ಕೆಯನ್ನೂ ಆಫ್ ಮಾಡಿಡಿ. ಇಲ್ಲವಾದರೆ ಎಡಿಟರಿನಲ್ಲಿ ಕೆಂಪು ವೇಷವೂ ಸುಣ್ಣ ಬಳಿದಂತೆ ಮಂಕಾಗಿ ಕಾಣುವುದುಂಟು.

ಹಂತ 6: ಹಳೆಯ ಡಿವಿಡಿ, ವಿಸಿಡಿಗಳಿಗೆ ಬೇರೆ ಕ್ರಮ

ಡಿವಿಡಿಯೊಳಗಿನ ವಿಒಬಿ ಫೈಲುಗಳು ತಲಾ 1 ಜಿಬಿ ಮೀರದಂತೆ ತುಂಡಾಗಿರುತ್ತವೆ. ಅವುಗಳನ್ನು ಒಂದೊಂದಾಗಿ ಪರಿವರ್ತಿಸದೆ, ಹ್ಯಾಂಡ್‌ಬ್ರೇಕಿಗೆ ‘ವಿಡಿಯೋ-ಟಿಎಸ್’ ಫೋಲ್ಡರನ್ನು ಪೂರ್ತಿಯಾಗಿ ಕೊಡಿ. ಅದು ಒಂದೇ ಓಟವಾಗಿ ಗುರುತಿಸುತ್ತದೆ. ಇದು ನಿಮ್ಮ ಮನೆಯ, ನಿಮ್ಮ ಸಂಘದ ಡಿಸ್ಕುಗಳಿಗೆ ಹೇಳಿದ ಮಾತು; ನಕಲು ತಡೆ ಇರುವ ಮಾರಾಟದ ಡಿಸ್ಕುಗಳ ವಿಷಯ ಇಲ್ಲಿಲ್ಲ. ವಿಸಿಡಿಯಾದರೆ ‘ಎಂಪಿಇಜಿಎವಿ’ ಫೋಲ್ಡರಿನಲ್ಲಿ ಡಿಎಟಿ ಎಂಬ ಬಾಲದ ಫೈಲು ಇರುತ್ತದೆ. ಅದು 352×288 ಗಾತ್ರದ ಎಂಪಿಇಜಿ-1 ವಿಡಿಯೋ. ಅದನ್ನು ಎಷ್ಟೇ ಹಿಗ್ಗಿಸಿದರೂ ಮುಖವರ್ಣಿಕೆಯ ಗೆರೆಗಳು ಸ್ಪಷ್ಟವಾಗುವುದಿಲ್ಲ, ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಮ್ಮಲ್ಲಿನ ಡಿವಿಡಿಗಳು ಪಾಲ್ ಪದ್ಧತಿಯವು: 720×576 ಗಾತ್ರ, ಸೆಕೆಂಡಿಗೆ 25 ಚಿತ್ರ, ಅವೂ ಇಂಟರ್ಲೇಸ್ ಆದವು. ಇಂಟರ್ಲೇಸ್ ಎಂದರೆ ಒಂದು ಚಿತ್ರದ ಬೆಸ ಗೆರೆಗಳನ್ನೂ ಸಮ ಗೆರೆಗಳನ್ನೂ ಎರಡು ಬೇರೆ ಕ್ಷಣಗಳಲ್ಲಿ ಬರೆಯುವುದು. ಹಳೆಯ ಟಿವಿಯಲ್ಲಿ ಇದು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ವೇಷ ಗಿರ್ರನೆ ತಿರುಗುವಾಗ ಅಂಚುಗಳಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆ ಏಳುತ್ತವೆ. ‘ಫಿಲ್ಟರ್ಸ್’ ವಿಭಾಗದಲ್ಲಿ ಡಿಇಂಟರ್ಲೇಸ್ ಆಯ್ಕೆಯನ್ನು ಹಾಕಿದರೆ ಹೋಗುತ್ತದೆ. ಎವಿಸಿಎಚ್‌ಡಿಯ 1080ಐ ವಿಡಿಯೋಗೂ ಇದೇ ಔಷಧ. ಮೊದಲು ಚಿಕ್ಕದಾಗಿಸಿ ಆಮೇಲೆ ಡಿಇಂಟರ್ಲೇಸ್ ಮಾಡಿದರೆ ಗೆರೆಗಳು ಚಿತ್ರದೊಳಗೆ ಕಲಸಿಹೋಗಿ ಎಂದೂ ಬಿಡುವುದಿಲ್ಲ, ಕ್ರಮ ತಪ್ಪಿಸಬೇಡಿ.

ಪಾಲ್ ಡಿವಿಡಿಯ ಚಿತ್ರದ ಬಿಂದುಗಳು (ಪಿಕ್ಸೆಲ್‌ಗಳು) ಚೌಕವಲ್ಲ. ಎಡಿಟರು ಅದನ್ನು ಲೆಕ್ಕಿಸದಿದ್ದರೆ ಎಲ್ಲರೂ ಸೊರಗಿದಂತೆ ಕಾಣುತ್ತಾರೆ. ‘ಡೈಮೆನ್ಷನ್ಸ್’ನಲ್ಲಿ ಅನಾಮಾರ್ಫಿಕ್ ಎಂಬುದನ್ನು ತೆಗೆದುಹಾಕಿ, 4:3 ಚಿತ್ರಕ್ಕೆ 768×576, ಅಗಲ ಪರದೆಯದಕ್ಕೆ 1024×576 ಎಂದು ಗಾತ್ರ ಕೊಡಿ.

ಹಂತ 7: ಅರ್ಧಕ್ಕೆ ನಿಂತ ಫೈಲು

ಚಿತ್ರೀಕರಣದ ನಡುವೆ ಕರೆಂಟ್ ಹೋಗಿಯೋ ಬ್ಯಾಟರಿ ಮುಗಿದೋ ನಿಂತುಹೋದ ಎಂಪಿ4 ಯಾವುದರಲ್ಲಿಯೂ ತೆರೆಯುವುದಿಲ್ಲ. ಯಾವ ಚಿತ್ರ ಫೈಲಿನ ಯಾವ ಜಾಗದಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದಿಲ್ಲದೆ ಉಳಿದದ್ದು ಇದ್ದೂ ಇಲ್ಲದಂತೆ. ಕನ್ವರ್ಟರುಗಳಿಗೆ ಇದನ್ನು ಕೊಟ್ಟು ಫಲವಿಲ್ಲ. ‘ಅನ್‌ಟ್ರಂಕ್’ ಎಂಬ ಮುಕ್ತ ತಂತ್ರಾಂಶಕ್ಕೆ ಕೆಟ್ಟ ಫೈಲಿನ ಜೊತೆಗೆ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ಫೈಲನ್ನೂ ಕೊಟ್ಟರೆ, ಒಳ್ಳೆಯದನ್ನು ನೋಡಿ ಕೆಟ್ಟದರ ಸೂಚಿಯನ್ನು ಕಟ್ಟಿಕೊಡಲು ಯತ್ನಿಸುತ್ತದೆ. ಎಷ್ಟೋ ಬಾರಿ ಯಶಸ್ವಿಯಾಗುತ್ತದೆ, ಖಾತ್ರಿಯಿಲ್ಲ. ಆ ಕಾರ್ಡಿನಲ್ಲಿ ಅಷ್ಟರವರೆಗೆ ಬೇರೇನನ್ನೂ ಚಿತ್ರೀಕರಿಸಬೇಡಿ. ಓಬಿಎಸ್‌ನಲ್ಲಿ ಎಂಕೆವಿಯಾಗಿಯೇ ಉಳಿಸಿಕೊಳ್ಳಿ ಎಂದು ಹೇಳುವುದೂ ಇದೇ ಕಾರಣಕ್ಕೆ: ಎಂಕೆವಿ ನಡುವೆ ನಿಂತರೆ ಅಷ್ಟರವರೆಗಿನದು ಉಳಿಯುತ್ತದೆ.

ಹಂತ 8: ಪರಿಶೀಲನೆ

ಪರಿವರ್ತಿತ ಫೈಲಿನ ಮೊದಲ ನಿಮಿಷ ಸರಿಯಿದ್ದರೆ ಎಲ್ಲವೂ ಸರಿ ಎಂದು ತೀರ್ಮಾನಿಸಬಾರದು. ಮೂಲದ ಅವಧಿ ಮತ್ತು ಹೊಸದರ ಅವಧಿಯನ್ನು ಮೀಡಿಯಾಇನ್ಫೋದಲ್ಲಿ ಹೋಲಿಸಿ. ಆಮೇಲೆ ಎಡಿಟರಿನಲ್ಲಿ ನೇರ ಕೊನೆಗೆ, ಮಂಗಳ ಪದದ ಜಾಗಕ್ಕೆ ಹೋಗಿ, ಚೆಂಡೆಯ ಕೋಲು ಕಾಣುವ ಒಂದು ಚೌಕಟ್ಟನ್ನು ಹುಡುಕಿ, ಒಂದೊಂದೇ ಚಿತ್ರ ಮುಂದೆ ಸರಿಸುತ್ತ ಕೋಲು ಚರ್ಮ ಮುಟ್ಟುವ ಚಿತ್ರದ ಕೆಳಗೆ ಧ್ವನಿಯ ಗೆರೆ ಏಳುತ್ತದೆಯೇ ನೋಡಿ. ಒಂದೆರಡು ಚಿತ್ರಗಳ ವ್ಯತ್ಯಾಸ ಪರವಾಗಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ನಾಲ್ಕನೆಯ ಹಂತಕ್ಕೆ ಹಿಂದಿರುಗಬೇಕು. ಎಲ್ಲ ಸರಿಯಿದ್ದು ಎಡಿಟಿಂಗ್ ಮುಗಿದ ಮೇಲೆ ಪ್ರೋರೆಸ್ ಫೈಲುಗಳನ್ನು ಅಳಿಸಬಹುದು. ಕಾರ್ಡಿನಿಂದ ಮಾಡಿಕೊಂಡ ಮೂಲ ನಕಲನ್ನು ಮಾತ್ರ ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ.